ಮೂಡೆ ಕಟ್ಟುವುದು ನನ್ನ ಹವ್ಯಾಸ ಅಲ್ಲ

ಸಾನ್ವಿ, ಕಳೆದ ತಿಂಗಳು ಮಣಿಪಾಲದಲ್ಲಿ ನಿಮ್ಮ ಫ್ಲ್ಯಾಟಿನ ಕೆಳಗಿನ ಹಾಲ್‌ನಲ್ಲಿ ಇಡ್ಲಿ ಬೇಯಿಸುವ ಎಲೆಯ ಮೂಡೆ ಕಟ್ಟಲು ಕಲಿಸುವ ಕ್ಲಾಸ್ ಉಂಟು ಎಂದು ನನ್ನನ್ನು ಕರೆದುಕೊಂಡು ಹೋದೆಯಲ್ಲ, ಅಲ್ಲಿಂದ ಬಂದ ಮೇಲೆ ನಾನು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಅಜ್ಜಿಗೆ ಕಾಲುನೋವು ಎಂದು ನೀನು ತಿಳಿದುಕೊಂಡೆ. ಕಾಲು ನೆಟ್ಟಗೆ ಇತ್ತು. ಆ ಹುಡುಗಿ ಟೀಚರ್ ಮುಂಡಕದ ಎಲೆಯನ್ನು ಗ್ಯಾಸಿನ ಉರಿಗೆ ಹಿಡಿದು ಬಾಡಿಸಿದಳು ನೋಡು, ಆ ಹಸಿರು ಪರಿಮಳ ಮೂಗಿಗೆ ಬಂದದ್ದೇ ಬಂದದ್ದು, ನನಗೆ ಕೂತಲ್ಲಿ ಕೂರಲಿಕ್ಕೆ ಆಗಲಿಲ್ಲ. ಉಳಿದವರು ಒಂದು ಮೂಡೆಗೆ ತಡಕಾಡುತ್ತಿರುವಾಗ ನನ್ನ ಕೈ ಏಳು ಕಟ್ಟಿತ್ತು. ನೀನು ಎದ್ದು ನಿಂತು ಎಲ್ಲರಿಗೂ ಹೇಳಿದೆ, "ನಮ್ಮ ಅಜ್ಜಿಗೆ ಮೊದಲಿನಿಂದಲೂ ಇದು ಹಾಬಿ." ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ನಕ್ಕೆ. ಇಪ್ಪತ್ತು ಜನರ ಎದುರು ನನ್ನ ನಾಲಗೆ ಒಣಗುತ್ತದೆ, ಅದು ನನ್ನ ಹುಟ್ಟುಗುಣ. ಬರೆಯುವಾಗ ಒಣಗುವುದಿಲ್ಲ. ಆದ್ದರಿಂದ ಈಗ ಬರೆಯುತ್ತೇನೆ: ಅದು ನನ್ನ ಹಾಬಿ ಅಲ್ಲ. ಎಂದೂ ಆಗಿರಲಿಲ್ಲ. ನೀವು ಮೊಮ್ಮಕ್ಕಳೆಲ್ಲ ಇದನ್ನು ಓದಬೇಕು.

ನಾನು ಏಳನೆಯ ತರಗತಿಯವರೆಗೆ ಕಲಿತವಳು. ಕಾರ್ಕಳದ ಕಡೆಯ ನಿಟ್ಟೆಯ ಹತ್ತಿರ ನಮ್ಮ ಮನೆ. ಆಗ ಅಲ್ಲಿ ಕಾಲೇಜೂ ಇರಲಿಲ್ಲ, ಹಾಸ್ಟೆಲೂ ಇರಲಿಲ್ಲ. ಅಪ್ಪ ನಾನು ಸಣ್ಣವಳಿರುವಾಗಲೇ ಹೋಗಿದ್ದರು. ಅಮ್ಮ ಗಿರಿಜ ಗದ್ದೆ ಕೆಲಸ ಮಾಡುತ್ತಿದ್ದರು, ಕೃಷ್ಣಾಷ್ಟಮಿ ಬರುವ ಸೋಣ ತಿಂಗಳು ಹತ್ತಿರ ಬಂದರೆ ಮೂಡೆಯ ಕೊಟ್ಟೆ ಕಟ್ಟಿ ಮಾರುತ್ತಿದ್ದರು. ಅಷ್ಟಮಿಗೆ ಮೂಡೆ ಇಲ್ಲದ ಮನೆ ನಮ್ಮ ಜಿಲ್ಲೆಯಲ್ಲಿ ಇಲ್ಲ. ಆದರೆ ಪೇಟೆಯವರಿಗೆ ಕಟ್ಟಲಿಕ್ಕೆ ಬಾರದು. ಮುಂಡಕದ ಎಲೆಗೆ ಎರಡು ಅಂಚಿನಲ್ಲಿಯೂ ಬೆನ್ನಿನಲ್ಲಿಯೂ ಮುಳ್ಳು. ಅದನ್ನು ಕತ್ತಿಯಿಂದ ಸೀಳಿ ತೆಗೆದು, ಎಲೆಯನ್ನು ಬೆಂಕಿಗೆ ತೋರಿಸಿ ಮೆದು ಮಾಡಿ, ಕೊಳವೆಯ ಹಾಗೆ ಸುತ್ತಿ, ತೆಂಗಿನ ಕಡ್ಡಿ ಚುಚ್ಚಿ ನಿಲ್ಲಿಸಬೇಕು. ಸುತ್ತು ಸಡಿಲಾದರೆ ಇಡ್ಲಿ ಹಿಟ್ಟು ಅಡಿಯಿಂದ ಸೋರಿ ಹೋಗುತ್ತದೆ. ನಾನು ಎಂಟನೆಯ ವಯಸ್ಸಿನಿಂದ ಅಮ್ಮನ ಪಕ್ಕ ಕೂತು ಕಟ್ಟಿದವಳು. ಆಗ ನಮ್ಮ ಕೈಯಲ್ಲಿ ಗೀರು ಇಲ್ಲದ ಆಟಿ ತಿಂಗಳು, ಸೋಣದ ಹಿಂದಿನ ಮಳೆಯ ತಿಂಗಳು, ಇರಲಿಲ್ಲ.

ಹತ್ತೊಂಬತ್ತು ತುಂಬಿದಾಗ ಸೋದರಮಾವ ಉಡುಪಿ ಕಡಿಯಾಳಿಯಿಂದ ಒಂದು ಸಂಬಂಧ ತಂದರು. ಹುಡುಗ, ಅಂದರೆ ನಿಮ್ಮ ಅಜ್ಜ, ಮಣಿಪಾಲದಲ್ಲಿ ಒಂದು ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವ ಕೆಲಸದಲ್ಲಿದ್ದರು. ನಾವು ಎರಡು ಮನೆಯವರೂ ಆಡುವುದು ತುಳು. ಆದರೆ ಹುಡುಗನ ತಾಯಿ ಮೇಷ್ಟ್ರ ಮಗಳು, ಹೊಸಬರೊಂದಿಗೆ ಪುಸ್ತಕದ ಕನ್ನಡದಲ್ಲಿಯೇ ಮಾತಾಡುವವರು. ನೋಡಲು ಬಂದ ದಿನ ಅವರು ಚಾಪೆಯ ಮೇಲೆ ನೆಟ್ಟಗೆ ಕೂತು ನನ್ನನ್ನು ಕೇಳಿದರು, "ನಿನಗೆ ಯಾವ ಯಾವ ಹವ್ಯಾಸಗಳಿವೆ?"

ನಾನು ಆ ಶಬ್ದ ಕೇಳಿದ್ದು ಒಂದೇ ಕಡೆ. ಶಾಲೆಯಲ್ಲಿ ಮೇಷ್ಟ್ರು ಹೇಳುತ್ತಿದ್ದರು: ಕುಡಿತದ ಹವ್ಯಾಸ ಮನೆ ಹಾಳು ಮಾಡುತ್ತದೆ. ನಾನು ತಲೆಯೆತ್ತಿ ದೊಡ್ಡ ಸ್ವರದಲ್ಲಿ ಹೇಳಿದೆ, "ಇಲ್ಲ ಇಲ್ಲ, ನನಗೆ ಯಾವ ಹವ್ಯಾಸವೂ ಇಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ."

ನಿಮ್ಮ ಅಜ್ಜ ಲೋಟ ಬಾಯಿಗೆ ಅಡ್ಡ ಹಿಡಿದುಕೊಂಡರು. ನಕ್ಕದ್ದು ಎಂದು ನನಗೆ ಆಮೇಲೆ ಗೊತ್ತಾಯಿತು. ಸೋದರಮಾವ ಗಡಿಬಿಡಿಯಲ್ಲಿ ನಡುವೆ ಬಾಯಿ ಹಾಕಿದರು, "ಉಂಟು, ಉಂಟು ಮಾರಾಯ್ರೆ. ಅವಳಿಗೆ ನಾಚಿಕೆ. ಕೈಕೆಲಸ ಉಂಟಲ್ಲ, ಹೆಣೆಯುವುದು." ಎಂತ ಹೆಣೆಯುವುದು ಎಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಮದುವೆ ನಿಶ್ಚಯವಾದ ಮೇಲೆ ಸೋದರಮಾವ ಅಮ್ಮನಿಗೆ ಒಂದು ಮಾತು ಹೇಳಿದರು. "ಇನ್ನು ಮೂಡೆ ಕಟ್ಟು ಹೊತ್ತುಕೊಂಡು ಉಡುಪಿಯ ದಿಕ್ಕಿಗೆ ಹೋಗಬಾರದು, ಆಯ್ತಾ? ರಸ್ತೆ ಬದಿಯಲ್ಲಿ ಕೂತ ಬೀಗತಿಯನ್ನು ಕಂಡರೆ ಮಗಳ ಬಾಳು ಎಂತ ಆದೀತು?" ಅಮ್ಮ ಆಯ್ತು ಎಂದರು. ಅಲ್ಲೇ ನಿಂತಿದ್ದ ನಾನೂ ಏನೂ ಹೇಳಲಿಲ್ಲ. ಅಮ್ಮನನ್ನು ಮುಚ್ಚಿಟ್ಟು ಆದ ಮದುವೆ ಅದು. ಆ ತಪ್ಪಿನಲ್ಲಿ ನನ್ನ ಪಾಲೂ ಉಂಟು.

ಅತ್ತೆ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಬೇಕು, ಇಲ್ಲದಿದ್ದರೆ ನೀವು ಟಿವಿಯ ಅತ್ತೆಯನ್ನು ನೆನೆಸಿಕೊಳ್ಳುತ್ತೀರಿ. ಮಾವ ಇಲ್ಲದ ಮನೆಯನ್ನು ಅವರೊಬ್ಬರೇ ನಡೆಸಿದವರು. ನನಗೆ ಕ್ರೋಶಾ ಕಲಿಸಿದ್ದು ಅವರು. ಮದುವೆಯಾದ ಮೊದಲ ಮೂರು ತಿಂಗಳಲ್ಲಿ ನಾನು ರೇಡಿಯೋಕ್ಕೆ ಒಂದು ಮುಸುಕು, ಮೇಜಿಗೆ ಒಂದು ಬಟ್ಟೆ, ಪ್ಲಾಸ್ಟಿಕ್ ವಯರಿನ ಎರಡು ಬುಟ್ಟಿ, ಮಣಿಯ ಗಿಳಿಜೋಡಿ ಎಲ್ಲ ಮಾಡಿದೆ. ತಪ್ಪಿದರೆ ಬಿಚ್ಚಿಸುತ್ತಿದ್ದರು, ಬೈಯುತ್ತಿರಲಿಲ್ಲ. ಅಡಿಗೆಯಲ್ಲಿ ಮಾತ್ರ ಬಿಗಿ. ನಾನು ಊರಿನ ರೂಢಿಯಲ್ಲಿ ಬಸಳೆಗೆ ಹುಳಿ ಹೆಚ್ಚು ಹಾಕುತ್ತಿದ್ದೆ. "ಇದೆಂತ, ಬಾಯಿ ತೊಳೆಯಲಿಕ್ಕಾ ಉಣ್ಣಲಿಕ್ಕಾ?" ಎನ್ನುತ್ತಿದ್ದರು. ಮಸಾಲೆ ಕಡೆಯುವಾಗ ಪಕ್ಕದಲ್ಲಿ ನಿಂತು ಬೆರಳಲ್ಲಿ ಉಜ್ಜಿ ನೋಡಿ, "ಇನ್ನೂ ನಾಲ್ಕು ಸುತ್ತು" ಎನ್ನುತ್ತಿದ್ದರು. ನಾಲ್ಕು ಸುತ್ತಿನ ನಂತರ ನಿಜವಾಗಿಯೂ ರುಚಿ ಬೇರೆಯೇ. ಅಕ್ಕಪಕ್ಕದವರು ಬಂದರೆ ನನ್ನ ಗಿಳಿಗಳನ್ನು ತೋರಿಸಿ ಹೇಳುತ್ತಿದ್ದರು, "ನಮ್ಮ ಸೊಸೆಗೆ ಒಳ್ಳೆಯ ಹವ್ಯಾಸ." ಪ್ರತಿ ಸಲವೂ ನನಗೆ ಅಮ್ಮನ ಗೀರು ಬಿದ್ದ ಬೆರಳು ನೆನಪಾಗುತ್ತಿತ್ತು. ಅದೂ ಕೈಕೆಲಸವೇ. ಆದರೆ ಆ ಕೈಕೆಲಸವನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ.

ಮೊದಲ ಆಟಿಗೆ ಮದುಮಗಳು ತಾಯಿ ಮನೆಯಲ್ಲಿ ಇರಬೇಕು, ಅದು ನಮ್ಮ ಕ್ರಮ. ಮಳೆ ಜಡಿಯುತ್ತಿದ್ದ ಒಂದು ಬೆಳಿಗ್ಗೆ ನಿಮ್ಮ ಅಜ್ಜ ನನ್ನನ್ನು ನಿಟ್ಟೆಗೆ ಬಿಟ್ಟು ಹೋದರು. ಅಮ್ಮ ಪತ್ರೊಡೆ ಮಾಡಿದರು, ಹಲಸಿನ ಬೀಜ ಹಾಕಿ ಸೌತೆಕಾಯಿ ಪದಾರ್ಥ ಮಾಡಿದರು, ತಲೆಗೆ ಎಣ್ಣೆ ಹಾಕಿ ಬಿಸಿನೀರು ಹೊಯ್ದರು. ಒಂದೇ ಒಂದು ಎಲೆ ಮುಟ್ಟಲು ಬಿಡಲಿಲ್ಲ. ಹಿಂದಿನ ಕೊಟ್ಟಿಗೆಯಲ್ಲಿ ಮುಂಡಕದ ಸುರುಳಿಗಳು ಒಣಗುತ್ತಿದ್ದವು. ನಾನು ಕತ್ತಿ ಹಿಡಿದರೆ ಕಸಿದುಕೊಂಡು ತುಳುವಿನಲ್ಲಿ ಗದರಿದರು.

"ಕೈ ಗೀರಿದರೆ ಅತ್ತೆಗೆ ಎಂತ ಹೇಳ್ತಿ?"

"ಮುಂಡಕದ ಮುಳ್ಳು ತಾಗಿತು ಅಂತ ಹೇಳ್ತೇನೆ."

"ಹೇಳಿದ್ದು ಸಾಕು. ನೀನು ಆ ಸೂಜಿ ತಂದಿದ್ದಿ ಅಲ್ವಾ, ಅದನ್ನೇ ಕುತ್ತುತ್ತಾ ಕೂರು."

ಹಾಗೆ ಆ ತಿಂಗಳಿಡೀ ಅಮ್ಮ ಒಂದು ಮೂಲೆಯಲ್ಲಿ ಮೂಡೆ ಕಟ್ಟಿದರು, ನಾನು ಇನ್ನೊಂದು ಮೂಲೆಯಲ್ಲಿ ಕ್ರೋಶಾ ಹಾಕಿದೆ. ನಾವಿಬ್ಬರೂ ಕಟ್ಟುತ್ತಿದ್ದ ಕೆಲಸ ಅವರೊಬ್ಬರೇ ಮಾಡುವಾಗ ಬೆನ್ನು ನೆಟ್ಟಗೆ ಮಾಡಲು ಗೋಡೆ ಹಿಡಿಯುತ್ತಿದ್ದರು. ಎಲ್ಲಿಗೆ ಕೊಂಡುಹೋಗುತ್ತೀರಿ ಎಂದು ಕೇಳಿದೆ. "ಈ ವರ್ಷ ಮಾರುವುದಿಲ್ಲ. ನೆರೆಕರೆಯವರಿಗೆ ಕೊಡಲಿಕ್ಕೆ" ಎಂದರು. ಅಷ್ಟು ದೊಡ್ಡ ನೆರೆಕರೆ ನಮ್ಮ ಊರಿನಲ್ಲಿ ಇಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಕ್ರೋಶಾ ಮುಂದುವರಿಸಿದೆ. ಸೋಣ ಹುಟ್ಟಿದ ಮೇಲೆ ಕಡಿಯಾಳಿಗೆ ವಾಪಸು ಬಂದೆ.

ಅಷ್ಟಮಿಗೆ ನಾಲ್ಕು ದಿನ ಇರುವಾಗ ಅತ್ತೆ ನನ್ನನ್ನು ಕಾಪುವಿಗೆ ಕರೆದುಕೊಂಡು ಹೋದರು. ಅಲ್ಲಿ ಅವರ ತಂಗಿಯ ಮನೆ. ತಂಗಿಯ ಮಗಳು ಏಳು ತಿಂಗಳ ಬಸುರಿ, ಹುಟ್ಟುವ ಮಗುವಿಗೆ ನಾನು ಹೆಣೆದ ಟೊಪ್ಪಿ ಕೊಡಲಿಕ್ಕೆ ಇತ್ತು. ನಾನು ಮದುವೆಯ ರೇಷ್ಮೆ ಸೀರೆ ಉಟ್ಟಿದ್ದೆ. ಊಟ ಮಾಡಿ ಮೂರು ಗಂಟೆಗೆ ಬಸ್‌ಸ್ಟ್ಯಾಂಡಿಗೆ ಬಂದೆವು. ಮಳೆ ಬಿಟ್ಟಿತ್ತು, ಆದರೆ ಸಮುದ್ರದ ಗಾಳಿ ಉಪ್ಪು ಉಪ್ಪು ಬೀಸುತ್ತಿತ್ತು. ಹಸನಬ್ಬ ಎಂಬವರ ಜಿನಸಿನ ಅಂಗಡಿಯ ಮೆಟ್ಟಿಲ ಬದಿಯಲ್ಲಿ ಗೋಣಿ ಹಾಸಿಕೊಂಡು ನನ್ನ ಅಮ್ಮ ಕೂತಿದ್ದರು. ಎದುರಿಗೆ ಮೂಡೆಯ ಕಟ್ಟುಗಳು.

ಉಡುಪಿಗೆ ಹೋಗಬೇಡ ಎಂದದ್ದಕ್ಕೆ ಅವರು ಕಾಪುವಿಗೆ ಬಂದಿದ್ದರು. ನನ್ನಿಂದ ದೂರ ಇರಬೇಕೆಂದು ಎರಡು ಬಸ್ಸು ಬದಲಿಸಿ.

ಅಮ್ಮ ನನ್ನನ್ನು ನೋಡಿದರು. ಪಕ್ಕದಲ್ಲಿದ್ದ ಅತ್ತೆಯನ್ನು ನೋಡಿದರು. ಸೆರಗನ್ನು ಹಣೆಯವರೆಗೆ ಎಳೆದುಕೊಂಡರು. ಮತ್ತೆ ನನ್ನ ಕಾಲಿನ ಕಡೆ ನೋಡುತ್ತಾ ಹೇಳಿದರು, "ಎಂತ ಬೇಕು ಅಮ್ಮಾ? ಮೂಡೆ ಹೊಸತು ಉಂಟು, ಸೋರುವುದಿಲ್ಲ."

ಕನ್ನಡದಲ್ಲಿ ಹೇಳಿದರು. ಹುಟ್ಟಿದ ಮೇಲೆ ಅಮ್ಮ ನನ್ನೊಂದಿಗೆ ಒಂದೇ ಒಂದು ಕನ್ನಡ ಮಾತು ಆಡಿದವರಲ್ಲ. ಅದು ಗಿರಾಕಿಗಳ ಭಾಷೆ, ಮೇಷ್ಟ್ರ ಭಾಷೆ, ಕಂಡಕ್ಟರಿನ ಭಾಷೆ. ನನ್ನನ್ನು ಉಳಿಸಲಿಕ್ಕೆ ಅಮ್ಮ ನನ್ನನ್ನು ಗಿರಾಕಿ ಮಾಡಿದರು. ನಾನು ಹೂಂ ಎಂದು ಎರಡು ಕಟ್ಟು ತೆಗೆದುಕೊಂಡು ಬಸ್ಸು ಹತ್ತಿದರೆ ಎಲ್ಲವೂ ಸುಸೂತ್ರ. ಅತ್ತೆಗೂ ಗುರುತು ಸಿಕ್ಕಿತ್ತು, ಆದರೆ ಅವರೂ ಆ ಕಡೆ ತಿರುಗಿ ಬಸ್ಸಿನ ಬೋರ್ಡು ಓದುತ್ತಿದ್ದರು. ಇಬ್ಬರು ದೊಡ್ಡವರು ಸೇರಿ ನನಗೆ ದಾರಿ ಮಾಡಿಕೊಟ್ಟಿದ್ದರು.

"ಬಾ, ಬಸ್ಸು ಬಂತು" ಎಂದರು ಅತ್ತೆ.

ಮಕ್ಕಳೇ, ನಾನು ಧೈರ್ಯದವಳಲ್ಲ. ಮದುವೆಯ ದಿನ ನೀರು ಬೇಕು ಎಂದು ಕೇಳಲಿಕ್ಕೆ ನಾಚಿ ಸಂಜೆಯವರೆಗೆ ಬಾಯಾರಿ ಕೂತವಳು. ಆ ದಿನ ಮಾತ್ರ ಎಲ್ಲಿಂದಲೋ ಸಿಟ್ಟು ಬಂತು. ಅತ್ತೆಯ ಮೇಲೆ ಅಲ್ಲ, ಅಮ್ಮನ ಆ ಕನ್ನಡದ ಮೇಲೆ. ರೇಷ್ಮೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ತುಳುವಿನಲ್ಲಿಯೇ ಹೇಳಿದೆ, "ಅಪ್ಪೇ, ಒಂತೆ ಜಾಗೆ ಕೊರ್ಲೆ." ಅಮ್ಮಾ, ಸ್ವಲ್ಪ ಜಾಗ ಕೊಡಿ. ಗೋಣಿಯ ಮೇಲೆ ಅವರ ಪಕ್ಕದಲ್ಲಿ ಕೂತೆ.

"ಏಳು" ಎಂದರು ಅಮ್ಮ ಹಲ್ಲು ಕಚ್ಚಿ. "ಹುಚ್ಚು ಹಿಡಿದಿದೆಯಾ ನಿನಗೆ? ಏಳು, ಹೋಗು."

ನಾನು ಸುರುಳಿಯಿಂದ ಒಂದು ಎಲೆ ಎಳೆದು ಸುತ್ತಲು ಶುರು ಮಾಡಿದೆ. ಅತ್ತೆ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟು ಒಂದು ಕ್ಷಣ ನಿಂತರು. ಕಂಡಕ್ಟರ್ ಶಿಳ್ಳೆ ಹೊಡೆದ. ಅವರು ಹತ್ತಿದರು. ಬಸ್ಸು ಹೋಯಿತು.

ಹಸನಬ್ಬ ಅಂಗಡಿಯ ಒಳಗಿನಿಂದ ಎಲ್ಲ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ನಂತರ ಹೊರಗೆ ಬಂದು, "ಗಿರಿಜಕ್ಕ, ಇದ್ಯಾರು ಮಾರಾಯ್ತಿ? ರೇಷ್ಮೆ ಉಟ್ಟು ಮೂಡೆ ಮಾರುವುದು ನಾನು ಇದೇ ಮೊದಲು ಕಾಣುವುದು" ಎಂದರು.

ಅಮ್ಮ ಸೆರಗು ಇನ್ನೂ ಮುಂದೆ ಎಳೆದುಕೊಂಡರು. ನಾನು ಹೇಳಿದೆ, "ಮಗಳು."

"ಹಾಗಾದರೆ ಗೋಣಿ ಯಾಕೆ? ಸೀರೆ ಹಾಳಾಗ್ತದೆ. ಒಳಗೆ ಬೆಂಚು ಉಂಟು, ಹೊರಗೆ ಹಾಕ್ತೇನೆ." ಬೆಂಚು ಹಾಕಿದರು. ನಾನು ಬೆಂಚಿನಲ್ಲಿ ಕೂರಲಿಲ್ಲ. ಅಮ್ಮ ಕೆಳಗೆ ಇರುವಾಗ ನಾನು ಮೇಲೆ ಕೂತು ಮಾಡುವುದೆಂತ? ಕಟ್ಟುಗಳನ್ನು ಬೆಂಚಿನ ಮೇಲೆ ಜೋಡಿಸಿ ಇಟ್ಟೆ, ರಸ್ತೆಯಿಂದ ಚೆನ್ನಾಗಿ ಕಂಡಿತು. ಎರ್ಮಾಳಿನಿಂದ ಬಂದ ಮೊಗವೀರ ಹೆಂಗಸರು ನಾಲ್ವರು ನಿಂತು ನನ್ನ ಸೀರೆಯ ಅಂಚು ಮುಟ್ಟಿ ನೋಡಿ, "ಮದುಮಗಳ ಕೈಯ ಮೂಡೆ, ಶುಭ" ಎಂದು ನಗಾಡಿ ಕೊಂಡುಹೋದರು. ಐದು ಗಂಟೆಗೆ ಗೋಣಿ ಖಾಲಿ. ಅಷ್ಟು ಹೊತ್ತೂ ಅಮ್ಮ ನನಗೆ ಬೈದರು, ಎಲೆ ಎತ್ತಿ ಕೊಟ್ಟರು, ಮತ್ತೆ ಬೈದರು. ಕಾರ್ಕಳದ ಬಸ್ಸಿಗೆ ಹತ್ತುವಾಗ ಮಾತ್ರ ನನ್ನ ಬೆರಳಿನ ರಕ್ತವನ್ನು ತಮ್ಮ ಸೆರಗಿನಲ್ಲಿ ಒರೆಸಿದರು. ಉಳಿದಿದ್ದ ಒಂದು ಸುರುಳಿ ಎಲೆಯನ್ನು ನಾನು ಕೇಳಿ ಇಟ್ಟುಕೊಂಡೆ.

ದೀಪ ಹಚ್ಚುವ ಹೊತ್ತಿಗೆ ನಾನು ಒಬ್ಬಳೇ ಕಡಿಯಾಳಿ ಮುಟ್ಟಿದೆ. ಅತ್ತೆ ಜಗಲಿಯಲ್ಲಿ ಕೂತಿದ್ದರು.

"ನೀನು ನನಗೆ ಸುಳ್ಳು ಹೇಳಿ ಈ ಮನೆಗೆ ಬಂದವಳು" ಎಂದರು.

"ಹೌದು" ಎಂದೆ. "ಇನ್ನು ಹೇಳುವುದಿಲ್ಲ."

"ನನ್ನ ತಂಗಿಯ ಊರಿನಲ್ಲಿ ನನ್ನ ಮುಖಕ್ಕೆ ಮಸಿ ಬಳಿದೆ. ನಾಳೆಯಿಂದ ನನ್ನ ಅಡಿಗೆ ಕೋಣೆಗೆ ಬರಬೇಡ."

ನಾನು ಹೋಗಲಿಲ್ಲ. ಮರುದಿನ ಬೆಳಿಗ್ಗೆ ಎದುರಿನ ಜಗಲಿಯಲ್ಲಿ, ರಸ್ತೆಗೆ ಮುಖ ಮಾಡಿ, ಆ ಸುರುಳಿ ಬಿಚ್ಚಿ ಕೂತೆ. ಕಡಿಯಾಳಿಯ ದೇವಸ್ಥಾನಕ್ಕೆ ಹೋಗುವವರೆಲ್ಲ ಆ ದಾರಿಯಲ್ಲೇ ಹೋಗಬೇಕು. ಪಕ್ಕದ ಮನೆಯ ರತ್ನಕ್ಕ ಗೇಟಿನಲ್ಲಿ ನಿಂತು, "ಓಹೋ, ಇದೂ ನಿನ್ನ ಹವ್ಯಾಸವಾ?" ಎಂದರು.

"ಅಲ್ಲ ರತ್ನಕ್ಕ. ನನ್ನ ಅಮ್ಮ ಮೂಡೆ ಕಟ್ಟಿ ಮಾರ್ತಾರೆ. ನಾನು ಅದರಲ್ಲೇ ಉಂಡು ದೊಡ್ಡವಳಾದದ್ದು."

ನನ್ನ ಸ್ವರ ನಡುಗುತ್ತಿತ್ತು. ಎರಡನೆಯವರಿಗೆ ಹೇಳುವಾಗ ಸ್ವಲ್ಪ ಕಡಿಮೆ ನಡುಗಿತು. ಮಧ್ಯಾಹ್ನದ ಒಳಗೆ ಆರು ಜನರಿಗೆ ಹೇಳಿದ್ದೆ. ಅತ್ತೆ ಬಾಗಿಲ ಹಿಂದೆ ನಿಂತು ಪ್ರತಿಯೊಂದನ್ನೂ ಕೇಳಿದರು ಎಂದು ಬಳೆಯ ಸದ್ದಿನಿಂದ ಗೊತ್ತಾಗುತ್ತಿತ್ತು. ಮುಚ್ಚಿಡಲು ಇನ್ನು ಎಂತದೂ ಉಳಿಯಬಾರದು, ಅದೇ ನನ್ನ ಲೆಕ್ಕಾಚಾರ.

ಸಂಜೆ ನಿಮ್ಮ ಅಜ್ಜ ಪ್ರೆಸ್ಸಿನಿಂದ ಬಂದರು. ಶಾಯಿ ಮೆತ್ತಿದ ಕೈ ತೊಳೆಯದೆ ನನ್ನ ಎದುರು ಕೂತರು. ತೆಂಗಿನ ಕಡ್ಡಿಯನ್ನು ತುಂಡು ಮಾಡಿ ಒಂದೊಂದಾಗಿ ಕೊಡಲು ಶುರು ಮಾಡಿದರು. ಅಕ್ಷರ ಜೋಡಿಸುವ ಕೈ, ಎಲ್ಲ ತುಂಡೂ ಒಂದೇ ಅಳತೆ.

"ನಿನಗೆ ಹೆದರಿಕೆ ಇಲ್ವಾ?" ಎಂದು ಮೆಲ್ಲಗೆ ಕೇಳಿದರು.

"ಉಂಟು."

"ಮತ್ತೆ?"

"ಹೆದರಿಕೊಂಡೇ ಕಟ್ಟುವುದು."

ಅವರು ನಕ್ಕರು. ಅದೇ ಸಮಯ ಎಂದು ನಾನು ಕೇಳಿದೆ, "ಅಷ್ಟಮಿಯ ಮರುದಿನದ ಊಟಕ್ಕೆ ನನ್ನ ಅಮ್ಮನನ್ನು ನೀವು ಹೋಗಿ ಕರೆಯಬೇಕು. ನಾನು ಕರೆದರೆ ಬರುವುದಿಲ್ಲ. ಅಳಿಯ ಬಾಗಿಲಿಗೆ ಬಂದು ಕರೆದರೆ ಇಲ್ಲ ಎನ್ನುವ ಕ್ರಮ ನಮ್ಮಲ್ಲಿ ಇಲ್ಲ." ಅವರು ಅಡಿಗೆ ಕೋಣೆಯ ಕಡೆ ನೋಡಿದರು. ತಾಯಿಗೆ ಎದುರಾಡಿದ ಮಗ ಅಲ್ಲ ಅವರು. ಬಹಳ ಹೊತ್ತು ಕಡ್ಡಿ ಮುರಿಯುತ್ತಾ ಕೂತರು. ಮರುದಿನ ಕೆಲಸಕ್ಕೆ ಹೋಗುವ ಮೊದಲು ಬಟ್ಟೆ ಹಾಕಿ ಹೊರಟದ್ದು ಕಾರ್ಕಳದ ಬಸ್ಸಿಗೆ. ಅತ್ತೆ ಎಲ್ಲಿಗೆ ಎಂದು ಕೇಳಿದರು. "ನನ್ನ ಅತ್ತೆಯನ್ನು ಊಟಕ್ಕೆ ಕರೆಯಲಿಕ್ಕೆ" ಎಂದು ಹೇಳಿಯೇ ಹೋದರು. ಆ ಒಂದು ಮಾತಿಗಾಗಿ ನಾನು ಅವರೊಂದಿಗೆ ನಲವತ್ತು ವರ್ಷ ಸಂತೋಷದಲ್ಲಿ ಬಾಳಿದೆ.

ಅಷ್ಟಮಿಯ ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಜಗಲಿಯಲ್ಲಿ ಇಟ್ಟ ನನ್ನ ಮೂಡೆಗಳು ಇರಲಿಲ್ಲ. ಒಲೆಗೆ ಹಾಕಿದರು ಎಂದೇ ತಿಳಿದೆ. ಅಡಿಗೆ ಕೋಣೆಯ ಹೊಸ್ತಿಲಲ್ಲಿ ನಿಂತು ಇಣುಕಿದೆ. ಅತ್ತೆ ರಾತ್ರಿ ತಾವೇ ಕಡೆದಿಟ್ಟ ಉದ್ದು ಅಕ್ಕಿಯ ಹಿಟ್ಟನ್ನು ಒಂದೊಂದು ಮೂಡೆಗೂ ಸೌಟಿನಲ್ಲಿ ಹೊಯ್ಯುತ್ತಿದ್ದರು. ಹೊಯ್ದ ಮೇಲೆ ಎತ್ತಿ ಬೆಳಕಿಗೆ ಹಿಡಿದು ಅಡಿ ನೋಡುತ್ತಿದ್ದರು. ಒಂದೂ ಸೋರಲಿಲ್ಲ. ಅವರು ನೋಡಿದ್ದನ್ನು ನಾನು ನೋಡಿದೆ. ನಾನು ನೋಡಿದ್ದು ಅವರಿಗೆ ಗೊತ್ತಾಯಿತು.

ಹನ್ನೊಂದು ಗಂಟೆಗೆ ಅಮ್ಮ ಬಂದರು. ಒಗೆದ ಹತ್ತಿ ಸೀರೆ, ಬಗಲಲ್ಲಿ ಒಂದು ಕುಂಬಳಕಾಯಿ. ಗೇಟು ದಾಟಿ, ಮನೆ ಮನೆಗೆ ಮಾರುವವರ ಅಭ್ಯಾಸದಂತೆ ಮನೆಯ ಬದಿಯಿಂದ ಹಿಂದಿನ ಬಾಗಿಲಿಗೆ ಹೋದರು. ಬಾಗಿಲು ತಟ್ಟುವುದು ಕೇಳಿಸಿತು. ನಾನು ಎದುರಿನ ಜಗಲಿಯಿಂದಲೇ ಕೂಗಿದೆ, "ಅದಕ್ಕೆ ಚಿಲಕ ಹಾಕಿದ್ದೇನೆ. ಎದುರಿನಿಂದ ಬನ್ನಿ."

"ಚಿಲಕ ತೆಗಿ" ಎಂದರು ಆ ಕಡೆಯಿಂದ.

"ತೆಗೆಯುವುದಿಲ್ಲ."

ಮಳೆ ಹನಿಯಲು ಶುರುವಾಯಿತು. ಅಮ್ಮ ಬೈಯುತ್ತಾ ಮನೆ ಸುತ್ತಿಕೊಂಡು ಎದುರಿಗೆ ಬಂದರು. ಮೆಟ್ಟಿಲ ಕೆಳಗೆ ನಿಂತರು. ಒಳಗಿನಿಂದ ಅತ್ತೆ ಬಾಗಿಲಿಗೆ ಬಂದರು. ಮೇಲೆ ಒಬ್ಬರು, ಕೆಳಗೆ ಒಬ್ಬರು. ನಾನು ಕೆಳಗಿಳಿದು ಅಮ್ಮನ ಪಕ್ಕದಲ್ಲಿ ನಿಂತೆ. ಕರೆಯದಿದ್ದರೆ ಇಬ್ಬರೂ ಹೀಗೆಯೇ ನಿಟ್ಟೆಗೆ ಹೋಗುವುದು ಎಂದು ಮನಸ್ಸಿನಲ್ಲಿ ನಿಶ್ಚಯ ಮಾಡಿದ್ದೆ. ನಿಜವಾಗಿಯೂ ಹೋಗುತ್ತಿದ್ದೆ, ಮಕ್ಕಳೇ. ಹೋಗಿದ್ದರೆ ನೀವು ಯಾರೂ ಇರುತ್ತಿರಲಿಲ್ಲ.

ಅತ್ತೆ ನಮ್ಮಿಬ್ಬರನ್ನೂ ನೋಡಿದರು. "ಕುಂಬಳಕಾಯಿ ಒದ್ದೆ ಆಗ್ತದೆ" ಎಂದರು. ಆಮೇಲೆ ಬಾಗಿಲಿನಿಂದ ಬದಿಗೆ ಸರಿದು ನಿಂತರು.

ಚಾವಡಿಯಲ್ಲಿ ಸಾಲಾಗಿ ಎಲೆ ಹಾಕಿದೆವು. ಅಮ್ಮ ಗೋಡೆಗೆ ಒತ್ತಿ ಕೂತು ಎರಡು ಬೆರಳಲ್ಲಿ ಉಣ್ಣುತ್ತಿದ್ದರು. ಅತ್ತೆ ಎದುರಿಗೆ ಕೂತು ಮೂಡೆಯ ಎಲೆ ಬಿಚ್ಚಿ, ಒಂದು ತುಂಡು ಬಾಯಿಗೆ ಹಾಕಿ, ಯಾರನ್ನೂ ನೋಡದೆ ಹೇಳಿದರು, "ಸುತ್ತು ಬಿಗಿಯಾಯಿತು. ಇಷ್ಟು ಬಿಗಿ ಕಟ್ಟಿದರೆ ನಡು ಬೇಯುವುದಿಲ್ಲ."

ಅಮ್ಮನ ಕೈ ನಿಂತಿತು. ತಲೆ ಎತ್ತಿದರು. ಮೂಡೆಯ ವಿಷಯದಲ್ಲಿ ಅವರಿಗೆ ಯಾರೂ ದೊಡ್ಡವರಲ್ಲ.

"ಸುತ್ತು ಸರಿ ಉಂಟು" ಎಂದರು ತುಳುವಿನಲ್ಲಿ, ನೆಟ್ಟಗೆ ಕೂತು. "ನೀವು ಹಿಟ್ಟು ದಪ್ಪ ಮಾಡಿದ್ದೀರಿ."

"ನಾನಾ? ಇಪ್ಪತ್ತೈದು ವರ್ಷದಿಂದ ಇದೇ ಹದ."

"ಇಪ್ಪತ್ತೈದು ವರ್ಷದಿಂದ ತಪ್ಪುತ್ತಲೇ ಬಂದಿದ್ದೀರಿ."

ನಿಮ್ಮ ಅಜ್ಜ ತಲೆ ತಗ್ಗಿಸಿ ಪಾಯಸ ಕುಡಿದರು. ಹಿಟ್ಟು ದಪ್ಪವಾ, ಸುತ್ತು ಬಿಗಿಯಾ ಎಂದು ಇಬ್ಬರೂ ಸಂಜೆಯ ಬಸ್ಸಿನವರೆಗೆ ಜಗಳ ಮಾಡಿದರು. ಆಳಿನೊಂದಿಗೆ ಯಾರೂ ಅಷ್ಟು ಹೊತ್ತು ಜಗಳ ಮಾಡುವುದಿಲ್ಲ. ಬೀಗತಿಯೊಂದಿಗೆ ಮಾತ್ರ ಮಾಡುತ್ತಾರೆ.

ಹೊರಡುವಾಗ ಅಮ್ಮ ನನಗೆ, "ಇನ್ನು ನಾನು ಈ ಮನೆಗೆ ಕಾಲಿಡುವುದಿಲ್ಲ" ಎಂದರು. ಅದು ನಿಜವಲ್ಲ ಎಂದು ಅವರ ಮುಖ ಹೇಳುತ್ತಿತ್ತು. ಅವರು ಬದುಕಿದಷ್ಟು ವರ್ಷವೂ ಕಾಪುವಿನಲ್ಲಿ ಮೂಡೆ ಮಾರಿದರು, ಸಾಧ್ಯವಾದಾಗಲೆಲ್ಲ ನಾನು ಪಕ್ಕದಲ್ಲಿ ಕೂತೆ. ಮಾರಿ ಮುಗಿದ ಮೇಲೆ ಕಡಿಯಾಳಿಗೆ ಬಂದು, ಎದುರಿನ ಮೆಟ್ಟಿಲು ಹತ್ತುತ್ತಲೇ ಅತ್ತೆಗೆ ಕೇಳಿಸುವಷ್ಟು ದೊಡ್ಡದಾಗಿ ಹೇಳುತ್ತಿದ್ದರು, "ಈ ಸಲವಾದರೂ ಹಿಟ್ಟು ತೆಳು ಮಾಡಿದ್ದೀರಾ?"